ಕಿಟಕಿಯ ಬಿಸಿಲಲ್ಲಿ ದಾರಿ ತಪ್ಪಿದ ಗಾಡಿ

ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ತರಗತಿಗಳಿಗೆ ಹೋಗುತ್ತಿದ್ದರು. ಅಡುಗೆ ಕೋಣೆಯ ಮುಂದೆ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದ ಇಬ್ಬರು ಹೆಂಗಸರು ನನ್ನನ್ನು ಕಂಡು, ‘ರೋಬೋಟಿನೋರಾ? ಅಗೋ, ಕೊನೇ ರೂಮು’ ಎಂದು ಕೈ ತೋರಿಸಿದರು. ಗೌರಿಬಿದನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ ಅದು. ಎಂಟು ಮತ್ತು ಒಂಬತ್ತನೇ ತರಗತಿಯವರಿಗೆ ಎರಡು ದಿನದ ರೋಬೋಟಿಕ್ಸ್ ಕಾರ್ಯಾಗಾರ ನಡೆದಿತ್ತು. ನಾನು ಹೋದದ್ದು ಎರಡನೇ ದಿನ. ಮಕ್ಕಳ ಹೆಸರು ಬರೆಯುವುದಿಲ್ಲ ಎಂದು ಮುಖ್ಯ ಶಿಕ್ಷಕಿಗೆ ಮಾತು ಕೊಟ್ಟು ಒಳಗೆ ಹೋಗಿ ಕೂತೆ.

ಕರಿಹಲಗೆಯ ಒಂದು ಮೂಲೆಯಲ್ಲಿ ಎಂದೋ ಬರೆದ ಕನ್ನಡ ವ್ಯಾಕರಣ ಅಳಿಸದೆ ಉಳಿದಿತ್ತು: ಲೋಪ, ಆಗಮ, ಆದೇಶ. ಬೆಂಗಳೂರಿನ ಸ್ವಯಂಸೇವಾ ತಂಡದಿಂದ ಬಂದಿದ್ದ ತರುಣಿ ಅದರ ಪಕ್ಕದಲ್ಲೇ ಆ ದಿನದ ಕೆಲಸ ಬರೆಯುತ್ತಿದ್ದಳು: ‘ಕಪ್ಪು ಗೆರೆ ಹಿಡಿದು ಹೋಗುವ ಗಾಡಿ’. ಮಕ್ಕಳ ಬಾಯಲ್ಲಿ ಅವಳು ಅಕ್ಕ, ಜೊತೆಗೆ ಬಂದವನು ಅಣ್ಣ. ‘ಗಾಡಿ ಏನು ಮಾಡಬೇಕು ಅಂತ ನೀವೇ ಆದೇಶ ಕೊಡ್ಬೇಕು’ ಎಂದಳು ಅಕ್ಕ. ‘ಆದೇಶ ಸಂಧಿನಾ ಅಕ್ಕ?’ ಎಂದು ಹಿಂದಿನಿಂದ ಒಂದು ದನಿ ಬಂತು. ರೂಮೆಲ್ಲ ನಕ್ಕಿತು. ಅವಳೂ ನಕ್ಕಳು. ‘ಹೂಂ, ಒಂದರ ಜಾಗಕ್ಕೆ ಇನ್ನೊಂದು ಬರೋದು ತಾನೆ ಆದೇಶ? ಗಾಡೀನ ನಿಮ್ಮ ಕೈ ತಳ್ಳೋ ಬದಲು ಇವತ್ತು ನಿಮ್ಮ ಮಾತು ತಳ್ಳುತ್ತೆ.’ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ನಾನು ಕಂಡಿಲ್ಲ.

ಎಂಟು ಮೇಜು, ಮೇಜಿಗೆ ನಾಲ್ವರು. ಪ್ರತಿ ಮೇಜಿನ ಮೇಲೂ ಒಂದು ಪ್ಲಾಸ್ಟಿಕ್ ಟ್ರೇ. ಅದರಲ್ಲಿ ಎರಡು ಹಳದಿ ಮೋಟರು, ಎರಡು ಚಕ್ರ, ಮುಂದೆ ಎತ್ತ ಬೇಕಾದರೂ ಉರುಳುವ ಒಂದು ಗುಂಡು ಚಕ್ರ, ಕೆಂಪು ಮೋಟರ್ ಡ್ರೈವರ್, ಕಡ್ಲೆಕಾಯಿಯಷ್ಟು ದೊಡ್ಡ ಎರಡು ಸೆನ್ಸರು, ಬಣ್ಣಬಣ್ಣದ ಜಂಪರ್ ವೈರಿನ ಕಂತೆ. ನಡುವೆ ಅಂಗೈಯಲ್ಲಿ ಹಿಡಿಸುವ ನೀಲಿ ಆರ್ಡುಯಿನೊ ಬೋರ್ಡು. ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ 2005ರಲ್ಲಿ ಕೆಲವು ಮೇಷ್ಟ್ರುಗಳು ವಿನ್ಯಾಸ ಕಲಿಯುವ ತಮ್ಮ ವಿದ್ಯಾರ್ಥಿಗಳ ಕೈಗೆ ಎಟುಕಲಿ ಎಂದು ಅಗ್ಗದಲ್ಲಿ ರೂಪಿಸಿದ ಬೋರ್ಡು ಇದು. ನಕ್ಷೆಯನ್ನು ಬಚ್ಚಿಡದೆ, ಯಾರು ಬೇಕಾದರೂ ಮಾಡಿಕೊಳ್ಳಿ ಎಂದು ಬಿಟ್ಟುಕೊಟ್ಟರು. ಅವರು ಆ ದೊಡ್ಡ ಮನಸ್ಸು ಮಾಡದಿದ್ದರೆ ಈ ಮೇಜಿನ ತನಕ ಅದು ಬರುತ್ತಿರಲಿಲ್ಲ.

ಸ್ಕ್ರೂ ಬಿಗಿಯುವ ಕೆಲಸ ಬೇಗ ಮುಗಿಯಿತು. ಮೊದಲ ತಕರಾರು ಬಂದದ್ದು ಬಾಗಿಲ ಬಳಿಯ ಮೇಜಿನಿಂದ. ಗಾಡಿ ಮುಂದೆ ಹೋಗುವ ಬದಲು ನಿಂತಲ್ಲೇ ಗಿರಗಿರನೆ ಸುತ್ತುತ್ತಿತ್ತು. ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಮಕ್ಕಳು ಅಕ್ಕನನ್ನು ಕರೆದರು. ಅವಳು ಬರುವ ಮೊದಲೇ ಪಕ್ಕದ ಮೇಜಿನ ಹುಡುಗನೊಬ್ಬ ಕತ್ತು ಚಾಚಿ, ‘ಎಡಗಡೆ ಮೋಟರ್‌ದು ಎರಡು ವೈರ್ ತಿರುವಿ ಹಾಕ್ರೋ’ ಎಂದ. ಹಾಕಿದರು. ಗಾಡಿ ನೆಟ್ಟಗೆ ಓಡಿತು.

‘ನಿಂಗೆ ಹೇಗೆ ಗೊತ್ತು?’ ಎಂದಳು ಅಕ್ಕ.

ಅವನು ಸ್ವಲ್ಪ ಹಿಂಜರಿದ. ‘ನಮ್ಮಪ್ಪ ಮೋಟರ್ ವೈಂಡಿಂಗ್ ಮಾಡ್ತಾರೆ. ಬೋರ್ ಮೋಟರ್ ಉಲ್ಟಾ ತಿರುಗಿದ್ರೆ ನೀರು ಸರಿಯಾಗಿ ಬರಲ್ಲ. ಮೂರು ಫೇಸಲ್ಲಿ ಯಾವ್ದಾದ್ರೂ ಎರಡು ಅದಲುಬದಲು ಮಾಡಿದ್ರೆ ಸರಿಹೋಗ್ತದೆ.’

ಸಾವಿರ ಅಡಿ ಕೊರೆದರೂ ನೀರು ಕಾಣದ ಸೀಮೆ ಇದು. ಸುಟ್ಟ ಮೋಟರು ಬಿಚ್ಚಿ ತಾಮ್ರದ ತಂತಿ ಸುತ್ತುವ ಅಂಗಡಿಗಳಿಗೆ ಇಲ್ಲಿ ಬಿಡುವೇ ಇರುವುದಿಲ್ಲ. ಅಂಥದ್ದೊಂದು ಅಂಗಡಿಯಲ್ಲಿ ಶಾಲೆ ಬಿಟ್ಟ ಮೇಲೆ ಪಾನಾ ಎತ್ತಿಕೊಡುತ್ತ ಬೆಳೆದ ಹುಡುಗ. ಅಕ್ಕ ಅವನನ್ನು ಹಲಗೆಯ ಮುಂದೆ ಕರೆದು ಅದನ್ನೇ ಎಲ್ಲರಿಗೂ ಹೇಳು ಎಂದಳು. ಬೋರ್‌ವೆಲ್ಲಿನದು ಎಸಿ, ಇದು ಡಿಸಿ, ಎರಡೂ ಕಡೆ ತಿರುಗುವ ದಿಕ್ಕನ್ನು ಯಾವುದು ತೀರ್ಮಾನಿಸುತ್ತದೆ ಎಂಬಲ್ಲಿಗೆ ಮಾತು ಹೋಯಿತು. ಅವನು ಸೀಮೆಸುಣ್ಣ ಹಿಡಿದು ಮೂರು ಗೆರೆ ಎಳೆದ. ಆ ಹೊತ್ತಿಗೆ ಅವನ ದನಿಯಲ್ಲಿ ಹಿಂಜರಿಕೆ ಉಳಿದಿರಲಿಲ್ಲ. ಅಪ್ಪನ ಎಣ್ಣೆಗೈಯ ಕೆಲಸ ವಿಜ್ಞಾನ ಎಂದು ಅವನಿಗೆ ಬಹುಶಃ ಅದೇ ಮೊದಲ ಸಲ ಯಾರೋ ಹೇಳಿದ್ದು.

ಇಂಗ್ಲೆಂಡಿನಲ್ಲಿ ಲೂಯಿಸ್ ಆರ್ಚರ್ ಎಂಬ ಶಿಕ್ಷಣತಜ್ಞೆ ಮತ್ತು ಅವರ ಸಂಗಡಿಗರು 2009ರಿಂದ ‘ಆಸ್ಪೈರ್ಸ್’ ಎಂಬ ಅಧ್ಯಯನ ನಡೆಸಿದರು. ಹತ್ತು ವರ್ಷದ ಮಕ್ಕಳಿಂದ ಶುರು ಮಾಡಿ ಅವರು ಬೆಳೆಯುತ್ತ ಹೋದಂತೆ ಮತ್ತೆ ಮತ್ತೆ ಮಾತಾಡಿಸಿದರು. ಬಹುಪಾಲು ಮಕ್ಕಳಿಗೆ ವಿಜ್ಞಾನದ ಪಾಠ ಇಷ್ಟ, ಮನೆಯವರಿಗೂ ಅದರ ಮೇಲೆ ಗೌರವ. ಆದರೆ ‘ನೀನು ವಿಜ್ಞಾನಿಯಾಗುತ್ತೀಯಾ’ ಎಂದರೆ ತೀರ ಕೆಲವರು ಮಾತ್ರ ಹೂಂ ಅನ್ನುತ್ತಿದ್ದರು. ಅದು ಬುದ್ಧಿವಂತರಿಗೆ, ನಮ್ಮಂಥವರಿಗಲ್ಲ ಎಂಬ ಭಾವನೆ ಹತ್ತು ವರ್ಷಕ್ಕೇ ಬೇರೂರಿರುತ್ತಿತ್ತು. ಮನೆಯಲ್ಲಿ ಯಾರು ಏನು ಮಾತಾಡುತ್ತಾರೆ, ವಿಜ್ಞಾನದ ನಂಟು ಯಾರಿಗಿದೆ, ಇವೆಲ್ಲ ಸೇರಿದ್ದನ್ನು ಆರ್ಚರ್ ‘ವಿಜ್ಞಾನದ ಬಂಡವಾಳ’ ಎಂದು ಕರೆದರು. ಲಂಡನ್ನಿನ ಆ ಮಾತು ನನಗೆ ನಿಜವಾಗಿ ಅರ್ಥವಾದದ್ದು ವೈಂಡಿಂಗ್ ಅಂಗಡಿಯ ಹುಡುಗ ಹಲಗೆಯ ಮುಂದೆ ನಿಂತಾಗ. ಬಂಡವಾಳ ಅವನ ಮನೆಯಲ್ಲಿ ಮೊದಲಿಂದಲೂ ಇತ್ತು. ಅದನ್ನು ಲೆಕ್ಕಕ್ಕೆ ಹಿಡಿಯುವವರು ಇರಲಿಲ್ಲ.

ಒಂದು ಮೇಜಿನಲ್ಲಿ ಮೋಟರು ತಿರುಗದೆ ಕಟಕಟ ಸದ್ದು ಮಾಡುತ್ತಿತ್ತು. ಅಣ್ಣ ಹಳದಿ ಕವಚ ಬಿಚ್ಚಿ ತೋರಿಸಿದ. ಒಳಗೆ ಬಿಳಿಯ ಪುಟ್ಟ ಹಲ್ಲುಗಾಲಿಗಳು, ಒಂದಕ್ಕೊಂದು ಕಚ್ಚಿಕೊಂಡು. ಒಂದರ ಹಲ್ಲು ಮುರಿದಿತ್ತು. ಮೋಟರು ನಲವತ್ತೆಂಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು, ಹಾಗಾಗಿಯೇ ಗಾಡಿಗೆ ಎಳೆಯುವ ಬಲ ಎಂದ. ‘ರಾಗಿ ಮಿಷಿನ್ನಲ್ಲಿ ಸಣ್ಣ ಚಕ್ರ, ದೊಡ್ಡ ಚಕ್ರ ಇರ್ತದಲ್ಲ ಹಂಗಾ?’ ಎಂದಳು ಒಬ್ಬಳು. ಹಾಗೇ. ಅಲ್ಲಿ ಬೆಲ್ಟು, ಇಲ್ಲಿ ಹಲ್ಲು.

ನನಗೆ ಸೀಮೋರ್ ಪ್ಯಾಪರ್ಟ್ ನೆನಪಾದರು. ಮಕ್ಕಳ ಕೈಗೆ ರೋಬೋಟು ಕೊಡಬೇಕೆಂದು ಮೊದಲು ಹಟ ಹಿಡಿದವರಲ್ಲಿ ಒಬ್ಬರು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಜಿನೀವಾದಲ್ಲಿ ಮನೋವಿಜ್ಞಾನಿ ಪಿಯಾಜೆ ಜೊತೆ ಕೆಲಸ ಮಾಡಿ, ಅಮೆರಿಕದ ಎಂಐಟಿ ಸೇರಿದ ಗಣಿತಜ್ಞ. 1967ರಲ್ಲಿ ಸಂಗಡಿಗರೊಂದಿಗೆ ಮಕ್ಕಳಿಗಾಗಿ ‘ಲೋಗೊ’ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಆ ಭಾಷೆಯ ಮಾತು ಕೇಳಿ ನೆಲದ ಮೇಲೆ ಓಡಾಡುತ್ತ ಗೆರೆ ಎಳೆಯುವ ಒಂದು ಯಂತ್ರದ ಆಮೆಯೂ ಬಂತು. 1980ರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದ ಆರಂಭದಲ್ಲಿ ಅವರು ತಮ್ಮ ಬಾಲ್ಯದ ಹಲ್ಲುಗಾಲಿಗಳ ಕಥೆ ಹೇಳುತ್ತಾರೆ. ಕಾರಿನ ಗೇರುಗಳನ್ನು ಮನಸಾರೆ ಪ್ರೀತಿಸಿದ್ದರಂತೆ, ಮುಂದೆ ಗಣಿತದ ಸಮೀಕರಣ ಕಂಡಾಗ ಅದು ಹಳೆಯ ಗೆಳೆಯನಂತೆ ಕಂಡಿತಂತೆ. ಮಗುವಿಗೆ ಒಂದು ವಸ್ತುವಿನ ಮೇಲೆ ಹುಟ್ಟುವ ಆ ಪ್ರೀತಿಯನ್ನು ಅವರು ತಮ್ಮ ಇಡೀ ಜೀವನದ ಕೆಲಸದ ಬುನಾದಿ ಮಾಡಿಕೊಂಡರು. ಇವತ್ತು ಅಂಗಡಿಯಲ್ಲಿ ಸಿಗುವ ಎಷ್ಟೋ ರೋಬೋಟ್ ಕಿಟ್ಟುಗಳು ದೂರದಿಂದ ಆ ಆಮೆಯ ಸಂತಾನವೇ.

ಮುರಿದ ಹಲ್ಲಿನ ಗಾಲಿಯನ್ನು ಅಣ್ಣ ಕಸಕ್ಕೆ ಹಾಕಲು ಹೋದಾಗ ರಾಗಿ ಮಿಷಿನ್ ಹುಡುಗಿ, ‘ನಂಗೆ ಕೊಡಿ ಅಣ್ಣ’ ಎಂದು ಇಸಿದುಕೊಂಡು ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಳು.

ನಂತರ ಸೆನ್ಸರಿನ ಸರದಿ. ಎರಡು ಕಣ್ಣಿನ ಗೊಂಬೆಯ ಮುಖದಂತಿರುವ ಅಲ್ಟ್ರಾಸಾನಿಕ್ ಸೆನ್ಸರನ್ನು ಅಕ್ಕ ಎತ್ತಿ ಹಿಡಿದಳು. ಒಂದು ‘ಕಣ್ಣು’ ನಮ್ಮ ಕಿವಿಗೆ ಕೇಳದ ಸದ್ದು ಕಳಿಸುತ್ತದೆ, ಸೆಕೆಂಡಿಗೆ 40,000 ಕಂಪನ. ಗೋಡೆಗೆ ಬಡಿದು ಬಂದ ಪ್ರತಿಧ್ವನಿಯನ್ನು ಇನ್ನೊಂದು ಹಿಡಿಯುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಹೋಗಿ ಬರುವ ಹೊತ್ತು ಗೊತ್ತಾದರೆ ದೂರ ಗೊತ್ತಾಯಿತು. ಅರ್ಧ ಮಾಡುವುದನ್ನು ಮರೆಯಬೇಡಿ ಎಂದಳು. ಬಾವಲಿ ಎಂದರು ಮಕ್ಕಳು. ಒಬ್ಬ ಕೇಳಿದ: ‘ಅಕ್ಕ, ಪ್ರಜ್ಞಾನ್ ರೋವರ್‌ಗೂ ಇದೇ ಹಾಕಿದ್ರಾ?’

2023ರ ಆಗಸ್ಟ್ 23ರ ಸಂಜೆ ಈ ಶಾಲೆಯಲ್ಲೂ ಟಿವಿ ಹಾಕಿದ್ದರಂತೆ. ಚಂದ್ರನ ಮೇಲೆ ಇಳಿದ ಆ ಆರು ಚಕ್ರದ, 26 ಕೆಜಿಯ ಗಾಡಿ ನಾಲ್ಕು ದಿನದ ಮೇಲೆ ನಾಲ್ಕು ಮೀಟರ್ ಅಗಲದ ಹಳ್ಳವೊಂದಕ್ಕೆ ಎದುರಾಯಿತು. ಅಂಚಿಗೆ ಇನ್ನೂ ಮೂರು ಮೀಟರ್ ಇರುವಾಗಲೇ ನೋಡಿ, ಹಿಂದಕ್ಕೆ ತಿರುಗಿಸಿ, ಬೇರೆ ದಾರಿ ಹಿಡಿಸಿದರು. ಅಕ್ಕ ಅದನ್ನು ಹೇಳಿ ಪ್ರಶ್ನೆಯನ್ನು ಅವರಿಗೇ ತಿರುಗಿಸಿದಳು: ‘ಅಲ್ಲಿ ಈ ಸೆನ್ಸರ್ ಕೆಲಸ ಮಾಡುತ್ತಾ?’ ಎರಡು ನಿಮಿಷ ಗದ್ದಲ. ಆಮೇಲೆ ಗೋಡೆ ಪಕ್ಕದ ಸಣ್ಣ ಹುಡುಗಿ ಮೆಲ್ಲಗೆ, ‘ಅಲ್ಲಿ ಗಾಳಿ ಇಲ್ವಲ್ಲ ಅಕ್ಕ, ಸದ್ದು ಹೆಂಗ್ ಹೋಗ್ತದೆ?’ ಎಂದಳು. ಶಬ್ದ ಪ್ರಸರಣಕ್ಕೆ ಮಾಧ್ಯಮ ಬೇಕು ಎಂಬ ಸಾಲನ್ನು ಅವಳು ಪರೀಕ್ಷೆಗೆಂದು ಎಷ್ಟು ಸಲ ಬರೆದಿದ್ದಳೋ. ಆ ಸಾಲಿಗೆ ಉಪಯೋಗವಿದೆ ಎಂದು ಕಂಡುಕೊಂಡ ಮುಖ ಬೇರೆಯೇ ಇತ್ತು.

ಸೆನ್ಸರ್ ಎಂಬ ಪದ ಈ ತಾಲ್ಲೂಕಿಗೆ ಹೊಸದಲ್ಲ, ಮಕ್ಕಳಿಗೆ ಮಾತ್ರ ಹೊಸದು. ಎಲ್ಲೋ ದೂರದ ದೇಶ ನೆಲದಡಿಯಲ್ಲಿ ಅಣುಸ್ಫೋಟ ಮಾಡಿದರೆ ಅದರ ನಡುಕವನ್ನು ಹಿಡಿಯುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಕಂಪನಮಾಪಕಗಳ ಸಾಲು 1965ರಿಂದ ಗೌರಿಬಿದನೂರಿನಲ್ಲಿದೆ. 1976ರಿಂದ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಯ ರೇಡಿಯೊ ದೂರದರ್ಶಕವೂ ಇದೆ. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾಗಳು, ಪೂರ್ವ–ಪಶ್ಚಿಮದ ತೋಳೊಂದೇ 1.4 ಕಿಲೋಮೀಟರ್. ಆಕಾಶದಿಂದ 34.5 ಮೆಗಾಹರ್ಟ್ಸ್‌ನಲ್ಲಿ ಬರುವ ಕ್ಷೀಣ ಅಲೆಗಳನ್ನು ಅದು ಕೇಳಿಸಿಕೊಂಡು ನಕ್ಷೆ ಮಾಡಿತು. ನೆಲದ ನಡುಕ ಕೇಳುವ ಕಿವಿ, ಆಕಾಶ ಕೇಳುವ ಕಿವಿ ಎರಡೂ ಒಂದೇ ತಾಲ್ಲೂಕಿನಲ್ಲಿ. ನಾನು ಮಾತಾಡಿಸಿದ ಮಕ್ಕಳಲ್ಲಿ ಕೆಲವರು ‘ಕಂಬ ನೆಟ್ಟಿರೋ ಜಾಗ’ ಎಂದರು, ಒಳಗೆ ಏನು ನಡೆಯುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಇದು ನನಗೆ ಬಹಳ ನೋವು ಕೊಟ್ಟ ಸಂಗತಿ. ಅಕ್ಕ ಅಣ್ಣ ಬೆಂಗಳೂರಿನಿಂದ ಸೆನ್ಸರು ಹೊತ್ತು ತರುವ ಮುಂಚೆಯೇ ಇಲ್ಲಿ ಸೆನ್ಸರುಗಳಿದ್ದವು, ಈ ಮಕ್ಕಳ ಅಜ್ಜಂದಿರ ಕಾಲದಿಂದ.

ಆದೇಶ ಬರೆಯುವ ಹೊತ್ತು ಬಂತು. ಎರಡು ಮೇಜಿಗೆ ಒಂದರಂತೆ ಲ್ಯಾಪ್‌ಟಾಪು. ಪರದೆಯ ತುಂಬ ಇಂಗ್ಲಿಷು. ಕನ್ನಡ ಮಾಧ್ಯಮದ ಮಕ್ಕಳ ಮುಖ ಸಪ್ಪಗಾದದ್ದು ಕಾಣುತ್ತಿತ್ತು. ಅಕ್ಕ ಪರದೆ ಮುಚ್ಚಿಸಿ, ‘ಮೊದಲು ಬಾಯಲ್ಲಿ ಹೇಳಿ’ ಎಂದಳು. ಎಡಗಣ್ಣಿಗೆ ಕಪ್ಪು ಕಂಡರೆ ಎಡಕ್ಕೆ ತಿರುಗು. ಬಲಗಣ್ಣಿಗೆ ಕಂಡರೆ ಬಲಕ್ಕೆ. ಎರಡಕ್ಕೂ ಕಂಡರೆ ನಿಲ್ಲು. ಎರಡಕ್ಕೂ ಕಾಣದಿದ್ದರೆ ನೆಟ್ಟಗೆ ನಡಿ. ನಾಲ್ಕೇ ಸಾಲು, ಅದೇ ಇಡೀ ಪ್ರೋಗ್ರಾಂ. ಇಂಗ್ಲಿಷಿಗೆ ‘ಇಫ್’ ಎಂದು ಬೇರೊಂದು ಪದ ಬೇಕು, ನಮಗೆ ಕ್ರಿಯಾಪದದ ಬಾಲದಲ್ಲಿ ‘ರೆ’ ಅಂಟಿಸಿದರೆ ಸಾಕು. ಮಳೆ ಬಂದರೆ, ಬಸ್ಸು ತಪ್ಪಿದರೆ, ಅಮ್ಮ ಬೈದರೆ ಎಂದು ದಿನವಿಡೀ ‘ಇಫ್’ ಬಳಸುವ ಮಕ್ಕಳಿಗೆ ಪರದೆ ಮತ್ತೆ ತೆರೆದಾಗ ಅಲ್ಲಿದ್ದದ್ದು ತಮ್ಮದೇ ಮಾತು. ಕಾಗುಣಿತ ಮಾತ್ರ ಬೇರೆ. ಕಾರ್ಯಾಗಾರ ನಡೆಸುವವರು ಎಷ್ಟೋ ಮಂದಿ ಈ ಐದು ನಿಮಿಷವನ್ನು ಉಳಿಸಿಕೊಳ್ಳಲು ಹೋಗಿ ಅರ್ಧ ತರಗತಿಯನ್ನು ಕಳೆದುಕೊಳ್ಳುತ್ತಾರೆ.

ಇನ್ನು ಆ ಬೆಳಗಿನ ಮುಖ್ಯ ಘಟನೆ. ಬಿಳಿ ಡ್ರಾಯಿಂಗ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಅವುಗಳ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನಿಂದ ಹಾವಿನಂಥ ದಾರಿ ಮಾಡಿದ್ದರು. ಗಾಡಿಯ ಮುಂದಿನ ಐಆರ್ ಸೆನ್ಸರು ಕೆಳಮುಖವಾಗಿ ಕಣ್ಣಿಗೆ ಕಾಣದ ಅತಿಕೆಂಪು ಬೆಳಕು ಬಿಡುತ್ತದೆ. ಬಿಳಿ ಹಾಳೆ ಅದನ್ನು ವಾಪಸು ಕಳಿಸುತ್ತದೆ, ಕಪ್ಪು ಟೇಪು ನುಂಗಿಕೊಳ್ಳುತ್ತದೆ. ಕಿಟಕಿ ಪಕ್ಕದ ಮೇಜಿನ ಹುಡುಗಿಯರ ಗಾಡಿ ಮೊದಲ ಎರಡು ತಿರುವು ಚೆನ್ನಾಗಿ ದಾಟಿತು. ಮೂರನೆಯ ತಿರುವಿಗೆ ಬಂದಾಗ ಗೆರೆ ಬಿಟ್ಟು ನೇರವಾಗಿ ಹೋಗಿ ಗೋಡೆಗೆ ಡಿಕ್ಕಿ ಹೊಡೆಯಿತು. ಮತ್ತೆ ಬಿಟ್ಟರು. ಮತ್ತೆ ಮೂರನೇ ತಿರುವು, ಮತ್ತೆ ಗೋಡೆ.

ಸೆನ್ಸರಿನ ಮೇಲಿನ ನೀಲಿ ತಿರುಗಣಿಯನ್ನು ಸ್ಕ್ರೂಡ್ರೈವರಿನಿಂದ ಅತ್ತ ಇತ್ತ ತಿರುಗಿಸಿದರು. ವೈರು ಬಿಗಿ ಮಾಡಿದರು. ಟೇಪು ಎದ್ದಿದೆಯೇ ಎಂದು ಉಗುರಿನಿಂದ ಒತ್ತಿದರು. ಪಕ್ಕದ ಮೇಜಿನ ಹುಡುಗರು, ‘ನಿಮ್ ಕೋಡ್ ತಪ್ಪು’ ಎಂದು ಕೂಗಿದರು. ಅಣ್ಣ ಎದ್ದು ಬರಲು ಹೊರಟ. ಅಕ್ಕ ಕಣ್ಣಲ್ಲೇ ತಡೆದಳು. ಆ ತಂಡದಲ್ಲಿ ಎರಡು ಜಡೆಯ, ತೆಳ್ಳಗಿನ ಹುಡುಗಿಯೊಬ್ಬಳಿದ್ದಳು. ಅಲ್ಲಿವರೆಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವಳು ಗಾಡಿಯನ್ನು ಕೈಯಲ್ಲೆತ್ತಿ ಗೆರೆಯ ಮೇಲೆ ಇಷ್ಟಿಷ್ಟೇ ಸರಿಸುತ್ತ, ಸೆನ್ಸರಿನ ಮೇಲಿನ ಚಿಕ್ಕ ದೀಪವನ್ನೇ ದಿಟ್ಟಿಸುತ್ತಿದ್ದಳು. ಗೆರೆ ಬಂದಾಗ ದೀಪ ಬದಲಾಗಬೇಕು. ಮೊದಲ ತಿರುವಿನಲ್ಲಿ ಬದಲಾಯಿತು. ಎರಡನೆಯದರಲ್ಲೂ. ಮೂರನೆಯದರಲ್ಲಿ ಬದಲಾಗಲಿಲ್ಲ. ಅವಳು ಒಂದು ಗಳಿಗೆ ಸುಮ್ಮನಿದ್ದು, ಬಗ್ಗಿ ಆ ಜಾಗದ ಮೇಲೆ ಅಂಗೈ ಅಡ್ಡ ಹಿಡಿದಳು. ದೀಪ ಬದಲಾಯಿತು. ಕೈ ತೆಗೆದಳು, ಮತ್ತೆ ಹಳೆಯ ಹಾಗೆ.

‘ಬಿಸಿಲು ಕಣೇ’ ಎಂದಳು.

ಕಿಟಕಿಯ ಸರಳುಗಳ ನಡುವಿನಿಂದ ಹನ್ನೊಂದು ಗಂಟೆಯ ಬಿಸಿಲು ಒಂದು ಪಟ್ಟಿಯಾಗಿ ಆ ಮೂರನೇ ತಿರುವಿನ ಮೇಲೆ ಬಿದ್ದಿತ್ತು. ಸೂರ್ಯನ ಬೆಳಕಿನಲ್ಲೂ ಅತಿಕೆಂಪು ಇದೆ, ಸೆನ್ಸರು ಬಿಡುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದು ಕಪ್ಪು ಟೇಪಿನ ಮೇಲೂ ಬಿದ್ದು ಸೆನ್ಸರಿಗೆ ಎಲ್ಲವೂ ಬಿಳಿಯಾಗಿಯೇ ಕಂಡಿತ್ತು. ಅವಳಿಗೆ ಅಷ್ಟೆಲ್ಲ ಗೊತ್ತಿರಲಿಲ್ಲ. ಆದರೆ ತಪ್ಪು ಗಾಡಿಯಲ್ಲೂ ಇಲ್ಲ, ಕೋಡಿನಲ್ಲೂ ಇಲ್ಲ, ಕಿಟಕಿಯಲ್ಲಿದೆ ಎಂಬುದನ್ನು ಬರಿ ಅಂಗೈಯಿಂದ ಕಂಡುಹಿಡಿದಿದ್ದಳು. ಗೆಳತಿಯೊಬ್ಬಳು ವೇಲ್ ತೆಗೆದು ಕಿಟಕಿ ಸರಳಿಗೆ ಕಟ್ಟಿದಳು. ಗಾಡಿ ಮೂರನೇ ತಿರುವು ದಾಟಿತು, ನಾಲ್ಕನೆಯದನ್ನೂ ದಾಟಿತು, ಕೊನೆಯ ಅಡ್ಡಪಟ್ಟಿಯ ಮೇಲೆ ನಿಂತಿತು. ‘ಕೋಡ್ ತಪ್ಪು’ ಎಂದಿದ್ದ ಹುಡುಗರು ತಮ್ಮ ಹಾಳೆಯನ್ನು ಎಳೆದುಕೊಂಡು ನೆರಳಿಗೆ ಸರಿದರು.

ಒಂದು ಸಂಶೋಧನೆಯ ಮುಖ್ಯ ಭಾಗ ಪೂರ್ತಿಯಾಗಿ ಆ ಹತ್ತು ನಿಮಿಷದಲ್ಲಿತ್ತು. ಎಲ್ಲಿ ಕೆಡುತ್ತದೆ ಎಂದು ಗಮನಿಸುವುದು, ಒಂದನ್ನು ಮಾತ್ರ ಬದಲಿಸಿ ನೋಡುವುದು, ಮತ್ತೆ ಮೊದಲಿನ ಹಾಗೆ ಮಾಡಿ ಖಾತ್ರಿ ಮಾಡಿಕೊಳ್ಳುವುದು. ಅಣ್ಣ ಹೋಗಿ ಕಿಟಕಿಗೆ ಏನಾದರೂ ಅಡ್ಡ ಕಟ್ಟಿದ್ದರೆ ಗಾಡಿ ಓಡುತ್ತಿತ್ತು, ಅವಳಿಗೆ ಇದು ಸಿಗುತ್ತಿರಲಿಲ್ಲ. ಅದಕ್ಕೇ ನಾನು ಅಕ್ಕನ ಆ ಒಂದು ನೋಟವನ್ನು ಕಾರ್ಯಾಗಾರದ ದೊಡ್ಡ ಪಾಠ ಎನ್ನುತ್ತೇನೆ. ವಸ್ತುಪ್ರದರ್ಶನಕ್ಕೆಂದು ದೊಡ್ಡವರು ರಾತ್ರಿ ಕೂತು ಮಾಡಿಕೊಟ್ಟ ಮಾದರಿಯ ಮುಂದೆ ಬಾಯಿಪಾಠದ ವಿವರಣೆ ಒಪ್ಪಿಸುವ ಮಕ್ಕಳನ್ನು ಎಷ್ಟೋ ಕಡೆ ನೋಡಿದ್ದೇನೆ. ಆ ಮಾದರಿಗಳು ಎಂದೂ ಕೆಡುವುದಿಲ್ಲ, ಮಕ್ಕಳು ಏನನ್ನೂ ಹುಡುಕಬೇಕಾಗುವುದೂ ಇಲ್ಲ.

ಹುಡುಗಿಯರ ವಿಷಯಕ್ಕೆ ಒಂದು ಮಾತು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಲಿಸನ್ ಮಾಸ್ಟರ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆರು ವರ್ಷದ 96 ಮಕ್ಕಳು. ರೋಬೋಟು, ಪ್ರೋಗ್ರಾಮಿಂಗು ಹುಡುಗರಿಗೇ ಚೆನ್ನಾಗಿ ಬರುತ್ತದೆ ಎಂದು ಆ ವಯಸ್ಸಿಗೇ ನಂಬಿದ್ದರು. ಕೆಲವರಿಗೆ ಇಪ್ಪತ್ತೇ ನಿಮಿಷ ರೋಬೋಟಿಗೆ ದಾರಿ ಹೇಳಿಕೊಡುವ ಆಟ ಕೊಟ್ಟರು. ಆ ಆಟ ಆಡಿದ ಹುಡುಗಿಯರ ಆಸಕ್ತಿ, ‘ನನ್ನಿಂದ ಆಗುತ್ತದೆ’ ಎಂಬ ಧೈರ್ಯ ಎರಡೂ ಆಡದವರಿಗಿಂತ ಹೆಚ್ಚಿತ್ತು, ಹುಡುಗರ ಮಟ್ಟಕ್ಕೆ ಬಂದಿತ್ತು. ಇಪ್ಪತ್ತು ನಿಮಿಷದ ಫಲ ಎಷ್ಟು ದಿನ ಉಳಿಯುತ್ತದೆ ಎಂಬುದು ಬೇರೆ ಪ್ರಶ್ನೆ. ಆದರೆ ಆ ಎರಡು ಜಡೆಯ ಹುಡುಗಿ ಮಧ್ಯಾಹ್ನದ ಮೇಲೆ ಬೇರೆ ಮೇಜುಗಳಿಗೆ ತಾನಾಗಿಯೇ ಹೋಗಿ, ಬಗ್ಗಿ, ದೀಪ ನೋಡಿ ಹೇಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ಊಟದ ಬಿಡುವಿನಲ್ಲಿ ಅನ್ನ ಸಾಂಬಾರಿನ ತಟ್ಟೆ ಹಿಡಿದು ಜಗಲಿಯ ಮೇಲೆ ಮಕ್ಕಳ ಜೊತೆ ಕೂತೆ. ಮುಂದೆ ಏನಾಗ್ತೀರಿ ಎಂದು ಕೇಳಿದೆ. ಪೊಲೀಸ್, ಮಿಲಿಟರಿ, ನರ್ಸ್, ಟೀಚರ್. ಕಣ್ಣಿಗೆ ಕಂಡ ಕೆಲಸಗಳು ಇವು. ಊರಿನಲ್ಲಿ ಇಂಥ ಕೆಲಸದವರು ಇದ್ದಾರೆ, ಅವರ ಸಮವಸ್ತ್ರ, ಸಂಬಳ ಗೊತ್ತು. ಇಂಜಿನಿಯರ್ ಎಂದವರೂ ಇದ್ದರು, ಏನು ಕೆಲಸ ಎಂದರೆ ‘ಬೆಂಗ್ಳೂರಲ್ಲಿ ಕಂಪ್ನಿ’ ಎಂದರು. ಎರಡು ಜಡೆಯ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, ‘ಸೈನ್ಸ್ ತಗೊಳ್ಳೋಕೆ ಇಷ್ಟ ಸಾರ್. ಪಿಯುಸಿಲಿ ಎಲ್ಲಾ ಇಂಗ್ಲಿಷಂತೆ’ ಎಂದಳು. ಹೆದರಿಕೆ ಪಾಠದ್ದಲ್ಲ, ಅದು ಬರುವ ಭಾಷೆಯದು, ಕಾಲೇಜಿನ ದೂರದ್ದು, ಸಂಜೆಯ ಕೊನೆಯ ಬಸ್ಸಿನದು. ಎಸ್ಸೆಸ್ಸೆಲ್ಸಿ ಆದ ಮೇಲೆ ಕಲೆ ಅಥವಾ ವಾಣಿಜ್ಯದ ಅರ್ಜಿ ಹಿಡಿದು ನಿಲ್ಲುವ ಎಷ್ಟೋ ಜಾಣ ಹುಡುಗಿಯರ ಹಿಂದೆ ಈ ಮೂರೂ ಇರುತ್ತವೆ.

ಎಂಟನೇ ತರಗತಿ ಎಂಬ ವಯಸ್ಸು ಮುಖ್ಯ ಎಂದು ನಾನು ನಂಬುವುದಕ್ಕೆ ಕಾರಣವಿದೆ. ರಾಬರ್ಟ್ ಟಾಯ್ ಎಂಬ ಸಂಶೋಧಕ ಮತ್ತು ಸಂಗಡಿಗರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. ಅಮೆರಿಕದಲ್ಲಿ 1988ರಲ್ಲಿ ಎಂಟನೇ ತರಗತಿಯಲ್ಲಿದ್ದ ಮಕ್ಕಳನ್ನು 2000ದವರೆಗೆ ಹಿಂಬಾಲಿಸಿದ ಮಾಹಿತಿ ಅದು. ಮೂವತ್ತರ ವಯಸ್ಸಿಗೆ ವಿಜ್ಞಾನಕ್ಕೆ ಸಂಬಂಧಿಸಿದ ಕೆಲಸದಲ್ಲಿರುತ್ತೇನೆ ಎಂದು ಎಂಟನೇ ತರಗತಿಯಲ್ಲೇ ಹೇಳಿದ್ದವರು, ಹೇಳದವರಿಗಿಂತ 3.4 ಪಟ್ಟು ಹೆಚ್ಚಾಗಿ ಭೌತ ವಿಜ್ಞಾನ ಅಥವಾ ಇಂಜಿನಿಯರಿಂಗ್ ಪದವಿ ಪಡೆದಿದ್ದರು. ನನ್ನ ಮನಸ್ಸಿನಲ್ಲಿ ಕೂತದ್ದು ಇನ್ನೊಂದು ಅಂಶ. ಗಣಿತದಲ್ಲಿ ಸಾಧಾರಣ ಅಂಕದವನಿಗೆ ಆ ಆಸೆಯಿದ್ದರೆ ಅಂಥ ಪದವಿ ಪಡೆಯುವ ಸಂಭವ ಶೇ 34. ಗಣಿತದಲ್ಲಿ ಮುಂದಿದ್ದೂ ಆ ಆಸೆ ಇಲ್ಲದವನಿಗೆ ಶೇ 19. ಅಂಕದ ಮೇಲೆ ಅಷ್ಟೊಂದು ದುಡ್ಡು, ಕಣ್ಣೀರು ಸುರಿಯುವ ನಾವು ಆಸೆಯ ಮೇಲೆ ಎಷ್ಟು ಖರ್ಚು ಮಾಡುತ್ತಿದ್ದೇವೆ? ಅದು ಆ ದೇಶದ ಲೆಕ್ಕ, ಇಲ್ಲಿ ಹಾಗೇ ಇರಬೇಕೆಂದಿಲ್ಲ. ಆದರೂ ಹದಿಮೂರರ ಆಸೆಯನ್ನು ಮಕ್ಕಳಾಟ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಆಸೆ ಹುಟ್ಟಿಸುವುದು ಎರಡು ದಿನದ ಕೆಲಸ. ಉಳಿಸುವುದಕ್ಕೆ ಕೀಲಿಕೈ ಬೇಕು. ಇದನ್ನು ನನ್ನ ಅನುಭವದಿಂದ ಹೇಳುತ್ತಿದ್ದೇನೆ. ನಾನು ಓದಿದ ಶಾಲೆಯಲ್ಲಿ ಗಾಜಿನ ಬಾಗಿಲಿನ ಕಪಾಟೊಂದಿತ್ತು, ಒಳಗೆ ಒಂದು ಪ್ರಿಸಂ. ಮೂರು ವರ್ಷ ಆ ಪ್ರಿಸಂ ಅನ್ನು ಗಾಜಿನಾಚೆಯಿಂದ ನೋಡಿದೆ. ಬೆಳಕಿನ ವಿಭಜನೆಯ ಚಿತ್ರವನ್ನು ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿ ಪೂರ್ತಿ ಅಂಕ ತೆಗೆದುಕೊಂಡೆ. ಅದನ್ನು ಒಮ್ಮೆಯೂ ಕೈಯಲ್ಲಿ ಹಿಡಿಯಲಿಲ್ಲ. ಒಡೆದರೆ ಯಾರು ಜವಾಬ್ದಾರಿ ಎಂಬ ಮಾತಿಗೆ ಆ ಕಪಾಟಿನ ಬೀಗ ತೆರೆಯಲೇ ಇಲ್ಲ. ಇಂದಿಗೂ ಅಂಥ ಬೀಗ ಕಂಡರೆ ನನಗೆ ಸಂಕಟವಾಗುತ್ತದೆ.

ಸರ್ಕಾರ ಏನೂ ಮಾಡಿಲ್ಲ ಎಂದು ಹೇಳಲಾಗದು. ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ 2016ರಿಂದ ಆರರಿಂದ ಹನ್ನೆರಡನೇ ತರಗತಿಯವರಿಗಾಗಿ ಟಿಂಕರಿಂಗ್ ಲ್ಯಾಬ್‌ಗಳನ್ನು ಕೊಡುತ್ತ ಬಂದಿದೆ. ಒಂದು ಶಾಲೆಗೆ 20 ಲಕ್ಷ ರೂಪಾಯಿ, ಅದರಲ್ಲಿ 10 ಲಕ್ಷ ಸಲಕರಣೆಗೆ, ಉಳಿದದ್ದು ಐದು ವರ್ಷ ನಡೆಸುವುದಕ್ಕೆ. ದೇಶದಲ್ಲಿ ಹತ್ತು ಸಾವಿರದಷ್ಟು ಶಾಲೆಗಳಿಗೆ ತಲುಪಿದೆ. ಮುಂದಿನ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಎಂದು 2025ರ ಬಜೆಟ್ ಹೇಳಿತು. ನಾನು ಕೂತಿದ್ದ ಶಾಲೆಗೆ ಇನ್ನೂ ಬಂದಿಲ್ಲ. ಬಂದ ದಿನ ನೋಡಬೇಕಾದದ್ದು ತ್ರೀಡಿ ಪ್ರಿಂಟರ್ ಇದೆಯೇ ಎಂಬುದನ್ನಲ್ಲ. ಆ ರೂಮಿನ ಕೀಲಿ ಯಾರ ಹತ್ತಿರ ಇದೆ, ಶನಿವಾರ ಮಧ್ಯಾಹ್ನ ಅದು ತೆರೆದಿರುತ್ತದೆಯೇ, ಸುಟ್ಟ ಮೋಟರಿನ ಲೆಕ್ಕ ಬರೆಯುವ ಭಯ ಮೇಷ್ಟ್ರಿಗೆ ಇದೆಯೇ ಎಂಬುದನ್ನು ನೋಡಬೇಕು. ಈ ಶಾಲೆಯ ವಿಜ್ಞಾನ ಶಿಕ್ಷಕರು ಎರಡು ದಿನವೂ ಮಕ್ಕಳ ಪಕ್ಕದಲ್ಲೇ ನೆಲದ ಮೇಲೆ ಕೂತು ತಾವೂ ಒಂದು ಗಾಡಿ ಮಾಡಿದರು. ‘ನಂಗೂ ಇದು ಹೊಸದು, ಮಕ್ಕಳ ಮುಂದೆ ತಪ್ಪು ಮಾಡೋಕೆ ನಾಚಿಕೆ ಏನಿಲ್ಲ’ ಎಂದರು. ಅಂಥ ಒಬ್ಬ ಮೇಷ್ಟ್ರು ಇದ್ದರೆ ಅರ್ಧ ಲ್ಯಾಬು ಇದ್ದ ಹಾಗೆ.

ಈ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಬಡ ಹುಡುಗನೊಬ್ಬ ಬೆಂಗಳೂರಿಗೆ ಓದಲು ಹೋಗುವಾಗ ಬಸ್ಸಿನ ದುಡ್ಡಿಲ್ಲದೆ ನಡೆದೇ ಹೋಗಿದ್ದ. ಎಚ್. ನರಸಿಂಹಯ್ಯ. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಾರಕ್ಕೊಮ್ಮೆ ಯಾರು ಬೇಕಾದರೂ ಬಂದು ವಿಜ್ಞಾನದ ಮಾತು ಕೇಳುವಂತೆ ಮಾಡಿದರು. ಬಾಗಿಲು ತೆರೆದಿಡುವುದರ ಬೆಲೆ ಅವರಿಗೆ ಗೊತ್ತಿತ್ತು. ವೈಂಡಿಂಗ್ ಅಂಗಡಿಯ ಹುಡುಗನಿಗೆ ಈ ಹೆಸರು ಗೊತ್ತೇ ಎಂದು ಕೇಳಿದೆ. ‘ಎಚ್ಚೆನ್ ಅಲ್ವಾ ಸಾರ್? ನಮ್ ತಾತ ಹೇಳ್ತಿದ್ರು’ ಎಂದ.

ಮಧ್ಯಾಹ್ನದ ಮೇಲೆ ಗಾಡಿಗಳ ಓಟ. ಯಾರು ಗೆದ್ದರೆಂದು ಬರೆದುಕೊಳ್ಳಲು ನಾನು ಮರೆತೆ, ಮಕ್ಕಳಿಗೂ ಅದು ಅಷ್ಟು ಮುಖ್ಯವಾದಂತೆ ಕಾಣಲಿಲ್ಲ. ಒಂದು ಗಾಡಿಗೆ ಕನಕಾಂಬರದ ತುಂಡು ಮುಡಿಸಿದ್ದರು.

ನಾಲ್ಕು ಗಂಟೆಗೆ ಕಷ್ಟದ ಹೊತ್ತು ಬಂತು. ಕಿಟ್ಟುಗಳು ಮರುದಿನ ಇನ್ನೊಂದು ಶಾಲೆಗೆ ಹೋಗಬೇಕು. ಮಾಡಿದ್ದನ್ನು ಬಿಚ್ಚಿ ಟ್ರೇಗೆ ವಾಪಸು ಇಡಿ ಎಂದಳು ಅಕ್ಕ. ಅವಳ ದನಿಯೂ ಇಳಿದಿತ್ತು. ಎರಡು ಜಡೆಯ ಹುಡುಗಿ ಒಂದೊಂದೇ ಸ್ಕ್ರೂ ಬಿಚ್ಚಿ, ಎಣಿಸಿ ಪೊಟ್ಟಣಕ್ಕೆ ಹಾಕಿದಳು. ವೈರುಗಳನ್ನು ಬಣ್ಣ ನೋಡಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದಳು. ಕೊನೆಗೆ ಕೈಯಲ್ಲಿ ಉಳಿದದ್ದು ಕಪ್ಪು ದಾರಿಯ ಬಿಳಿ ಹಾಳೆ. ಅದನ್ನು ಇಟ್ಟುಕೊಳ್ಳಬಹುದಾ ಎಂದು ಕೇಳಿ ಸುರುಳಿ ಸುತ್ತಿಕೊಂಡಳು. ‘ಮತ್ತೆ ಯಾವಾಗ ಬರ್ತೀರ ಅಕ್ಕ?’ ಎಂದಳು. ಅಕ್ಕ ಅವಳ ತಲೆ ಸವರಿದಳು, ಹೇಳಲು ಅವಳ ಬಳಿ ತಾರೀಕು ಇರಲಿಲ್ಲ.

ವೈಂಡಿಂಗ್ ಅಂಗಡಿಯ ಹುಡುಗ ಮಾತ್ರ ಬಿಚ್ಚುವ ಗಡಿಬಿಡಿಯಲ್ಲಿರಲಿಲ್ಲ. ಗಣಿತದ ನೋಟ್ ಪುಸ್ತಕದ ಕೊನೆಯ ಪುಟ ತೆರೆದು, ಟ್ರೇಯ ಒಂದೊಂದೇ ಸಾಮಾನು ಎತ್ತಿ ನೋಡಿ ಬರೆಯುತ್ತಿದ್ದ. ತಾಮ್ರದ ತಂತಿ ತರಲು ಅವನ ಅಪ್ಪ ಆಗಾಗ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುತ್ತಾರಂತೆ. ‘ಅಲ್ಲಿ ಇದೆಲ್ಲಾ ಸಿಗುತ್ತಾ ಅಣ್ಣ? ಎಷ್ಟಾಗ್ತದೆ?’ ಅಣ್ಣ ಪಕ್ಕದಲ್ಲಿ ಕೂತು ಒಂದೊಂದರ ಎದುರು ಬೆಲೆ ಹೇಳುತ್ತ ಹೋದ, ಮೋಟರ್ ಡ್ರೈವರಿನ ನಂಬರನ್ನು ಅಕ್ಷರ ಬಿಡಿಸಿ ಬರೆಸಿದ. ಸಂಪಿನಲ್ಲಿ ನೀರು ತುಂಬಿದ ಕೂಡಲೇ ಮೋಟರು ತಾನೇ ನಿಲ್ಲುವ ಹಾಗೆ ಮಾಡಲು ಇಷ್ಟು ಸಾಕಾ ಎಂದು ಹುಡುಗ ಕೇಳಿದ. ಒಂದು ರಿಲೇ ಬೇಕು, ಮೇನ್ಸ್ ಕರೆಂಟಿನ ಕೆಲಸ ಅಪ್ಪನ ಜೊತೆಯಲ್ಲೇ ಮಾಡು ಎಂದ ಅಣ್ಣ. ಅವನು ಅದನ್ನೂ ಬರೆದುಕೊಂಡು ಒಟ್ಟು ಹಾಕಿದ, ಕೆಳಗೆ ಎರಡು ಗೆರೆ ಎಳೆದ. ಪಟ್ಟಿಯಲ್ಲಿ ಬೆಲೆ ಹಾಕದೆ ಬಿಟ್ಟ ಸಾಲು ಒಂದೇ ಇತ್ತು: ‘ಕಪ್ಪು ಟೇಪು – ಅಂಗಡೀಲಿ ಐತೆ’.